ನೋಟನ್ನು ನೋಡಿ ಬರೆದಿರಾ?

ನಮಸ್ಕಾರ.

ನೋಟಿಗೂ ಚಿನ್ನಕ್ಕೂ ಬೆಲೆ ಎಲ್ಲಿಂದ ಬರುತ್ತದೆ ಅಂತ ನೀವು ಶ್ರೀರಂಗಪಟ್ಟಣದಿಂದ ನಮ್ಮ ಪತ್ರಿಕೆಗೆ ಬರೆದು ಕಳಿಸಿದ ಲೇಖನ ‘ಕಾಗದದ ಚೂರು, ಚಿನ್ನದ ಬೆಲೆ’ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪಿಲ್ಲ, ಸಂತೋಷ. ಆದರೆ ಎರಡು ಸಾಲು ಓದಿ ನನಗೆ ಸಿಟ್ಟೇ ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲನೆಯದು: ‘ಪ್ರತಿ ನೋಟಿನ ಹಿಂದೆಯೂ ರಿಸರ್ವ್ ಬ್ಯಾಂಕ್ ಅಷ್ಟೇ ಬೆಲೆಯ ಚಿನ್ನ ಇಟ್ಟಿರುತ್ತದೆ.’ ಯಾರು ಹೇಳಿದ್ದು ಕಣ್ರೀ ಇದನ್ನ? 1957ರಿಂದ ಇರುವ ನಿಯಮದ ಪ್ರಕಾರ, ಬ್ಯಾಂಕು ನೋಟು ಹೊರಡಿಸಲು ಇಡಲೇಬೇಕಾದ ಕನಿಷ್ಠ ಮೀಸಲು 200 ಕೋಟಿ ರೂಪಾಯಿ, ಅದರಲ್ಲಿ ಚಿನ್ನ 115 ಕೋಟಿಯದ್ದು. ಚಲಾವಣೆಯಲ್ಲಿರುವ ನೋಟುಗಳ ಮೊತ್ತವೋ 30 ಲಕ್ಷ ಕೋಟಿ ರೂಪಾಯಿ ದಾಟಿದೆ. ಬ್ಯಾಂಕಿನ ಹತ್ತಿರ ಆ 115 ಕೋಟಿಗಿಂತ ಎಷ್ಟೋ ಜಾಸ್ತಿ ಚಿನ್ನ ಇದೆ, ನಿಜ. ಆದರೆ ನೋಟು ಹಿಡಿದುಕೊಂಡು ಹೋಗಿ ಕೇಳಿ ನೋಡಿ, ಬೇರೆ ನೋಟೋ ಚಿಲ್ಲರೆಯೋ ಕೊಡುತ್ತಾರೆ, ಚಿನ್ನ ಕೊಡಲ್ಲ. ಅಮೆರಿಕವೇ 1971ರ ಆಗಸ್ಟ್‌ನಲ್ಲಿ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು.

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ, ಯಾಕಂದ್ರೆ ನೋಟನ್ನು ಸರಿಯಾಗಿ ನೋಡದೆ ಬರೆಯುವ ಈ ತಪ್ಪು ನಾನೂ ಮಾಡಿದ್ದೆ. ಮಂಡ್ಯದ ಒಂದು ಸಣ್ಣ ಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದಾಗ, ಜಾಗ ತುಂಬಿಸೋಕೆ ಅಂತ ನೋಟಿನ ಮೇಲೆ ಒಂದು ಲೇಖನ ಬರೆದೆ. ನಮ್ಮ ಸಂಪಾದಕರು ಓದಿ, ‘ನೋಟಿನ ಹಿಂದುಗಡೆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಷ್ಟನೇ ಸಾಲಿನಲ್ಲಿದೆ ಹೇಳಯ್ಯಾ’ ಅಂದರು. ಗೊತ್ತಿರಲಿಲ್ಲ. ದಿನಾ ಜೇಬಿನಲ್ಲಿ ಇಟ್ಟುಕೊಂಡು ತಿರುಗುವವನಿಗೆ! (ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಾಲ್ಕನೆಯದು ನಮ್ಮದು.) ಆಮೇಲೆ ಒಂದು ರೂಪಾಯಿಯ ನೋಟು ಕೈಗಿಟ್ಟು, ‘ಬೇರೆ ನೋಟುಗಳ ಮೇಲೆ ಇಷ್ಟು ರೂಪಾಯಿ ಕೊಡುತ್ತೇನೆ ಅನ್ನೋ ವಚನ ಇರುತ್ತಲ್ಲ, ಇದರಲ್ಲಿ ಅದು ಎಲ್ಲಿದೆ ಹುಡುಕು’ ಅಂದರು. ತಿರುಗಿಸಿ ಮುರುಗಿಸಿ ಹುಡುಕಿದ್ದೇ ಹುಡುಕಿದ್ದು. ಅದರಲ್ಲಿ ವಚನವೇ ಇಲ್ಲ. ಅದು ಸರ್ಕಾರದ ನೋಟು, ಸಹಿ ಹಣಕಾಸು ಕಾರ್ಯದರ್ಶಿಯದು, ರಿಸರ್ವ್ ಬ್ಯಾಂಕಿನ ಗವರ್ನರದ್ದಲ್ಲ. ಹಾಗಿದ್ದೂ ಎದುರಿನ ಹೋಟೆಲಿನವನು ಅದನ್ನ ತಗೊಂಡು ಟೀ ಕೊಡುತ್ತಿದ್ದ, ಅಲ್ವಾ? ಲೇಖನ ಹರಿದು ಹಾಕಿದೆ.

ಎರಡನೆಯ ಸಾಲು: ‘ಚಿನ್ನಕ್ಕೆ ಹುಟ್ಟಿನಿಂದಲೇ ಬೆಲೆ ಇದೆ, ನೋಟು ಬರೀ ಕಾಗದ.’ ನೋಟಿನ ಕಾಗದ ಹತ್ತಿಯದು. ಆ ಕಾಗದದ ಕಾರ್ಖಾನೆ, 1996ರಿಂದ ನೋಟು ಅಚ್ಚು ಹಾಕುವ ಪ್ರೆಸ್ಸು, ಎರಡೂ ನಿಮ್ಮೂರಿಗೆ ಹತ್ತಿರದ ಮೈಸೂರಿನಲ್ಲೇ ಇವೆ, ನಿಮ್ಮ ಲೇಖನದಲ್ಲಿ ಮಾತ್ರ ಸುಳಿವಿಲ್ಲ. ನೋಟು ರದ್ದಾದ 2016ರ ನವೆಂಬರ್ 8ರ ರಾತ್ರಿಯೂ ಇಲ್ಲ. ಅದೇ ಹತ್ತಿ, ಅದೇ ಶಾಯಿ, ಅದೇ ಗಾಂಧಿ ತಾತ, ಆದರೂ ಬೆಳಗ್ಗೆ 500ರ ನೋಟನ್ನು ತರಕಾರಿಯವನು ಮುಟ್ಟಲಿಲ್ಲ. ಈ ನೋಟು ತಗೊಳ್ಳಲೇಬೇಕು ಅನ್ನುವ ಕಾನೂನು, ಅದರಲ್ಲೇ ತೆರಿಗೆ ಕಟ್ಟಬಹುದು ಅನ್ನುವ ಭರವಸೆ, ಸಿಕ್ಕಾಪಟ್ಟೆ ಅಚ್ಚು ಹಾಕಲ್ಲ ಅನ್ನುವ ನಂಬಿಕೆ, ಇವಿಷ್ಟೇ ನೋಟಿನ ಬಂಡವಾಳ. ಚಿನ್ನವನ್ನೇನು ತಿನ್ನೋಕಾಗುತ್ತಾ? ಅದಕ್ಕೂ ಬೆಲೆ ಬರೋದು ಜನ ಬೇಕು ಅಂದಾಗಲೇ. ತುಕ್ಕು ಹಿಡಿಯಲ್ಲ, ಸುಲಭಕ್ಕೆ ಸಿಗಲ್ಲ, ರಾತ್ರಿ ಎಂಟು ಗಂಟೆಗೆ ಟಿವಿಯಲ್ಲಿ ಬಂದು ಯಾರೂ ರದ್ದು ಮಾಡೋಕಾಗಲ್ಲ. ವ್ಯತ್ಯಾಸ ಇರೋದು ಇಲ್ಲಿ, ಹುಟ್ಟಿನಲ್ಲಲ್ಲ.

‘ಪ್ರಾಚೀನ ಕಾಲದಿಂದಲೂ ಮಾನವನು’ ಅಂತ ಶುರು ಮಾಡಿದ್ದೀರಿ. ತೆಗೆದುಬಿಡಿ. ನಿಮ್ಮೂರಿನಲ್ಲೇ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ಇಟ್ಟು ‘ಹಣ’ ಅನ್ನೋ ಪುಟಾಣಿ ಚಿನ್ನದ ನಾಣ್ಯ ಹೊಡೆಸಿದ್ದರು. ನಾವು ಇವತ್ತು ನೋಟಿಗೂ ಹಣ ಅಂತೀವಿ. ಶುರು ಮಾಡೋಕೆ ಅದು ಸಾಲದಾ?

ಗಿರವಿ ಅಂಗಡಿಯ ಪ್ಯಾರಾ ಮಾತ್ರ ಮುಟ್ಟಬೇಡಿ. ನಿಮ್ಮಮ್ಮನ ಬಳೆಯನ್ನು ಅವನು ಒರೆಗಲ್ಲಿಗೆ ಉಜ್ಜಿದ, ತೂಕ ಹಾಕಿದ, ಮತ್ತೆ ಉಜ್ಜಿದ. ಅವನು ಕೊಟ್ಟ ನೋಟನ್ನು ನಿಮ್ಮಮ್ಮ ಸುಮ್ನೆ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಇಡೀ ಲೇಖನ ಅಲ್ಲೇ ಇದೆ, ನೀವು ಎರಡೇ ಸಾಲಿನಲ್ಲಿ ಮುಗಿಸಿ ಓಡಿದ್ದೀರಿ. ಎಷ್ಟು ನೋಟು, ಎಷ್ಟರ ನೋಟು, ಒಂದು ಸಲ ಎಣಿಸಿದರಾ ಎರಡು ಸಲವಾ? ಅಮ್ಮನನ್ನ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.