ಗೀಜಾ ಮುಗಿಸಿ ಉಳಿದ ಹೊತ್ತಿನಲ್ಲಿ ದಹ್‌ಶೂರ್‌ಗೆ ಹೋಗಬೇಡಿ

ಈಜಿಪ್ಟಿನ ಕೈರೋದಲ್ಲಿ ಸಿಗುವ ಒಂದೇ ದಿನದಲ್ಲಿ ಗೀಜಾ, ಮೆಂಫಿಸ್, ಸಕ್ಕಾರಾಗಳನ್ನು ನೋಡಿ, ಕೊನೆಗೆ ದಹ್‌ಶೂರ್ ಎಂಬ ಹಳ್ಳಿಗೆ ಒಂದು ಗಂಟೆ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಇದೇ ಕ್ರಮದಲ್ಲಿ ನಾನು ನನ್ನ ತಂದೆಯವರನ್ನು ಕರೆದುಕೊಂಡು ಹೋಗಿದ್ದೆ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಅವರಿಗೆ ನೋಡಬೇಕಿದ್ದದ್ದು ಗೀಜಾದ ಮಹಾ ಪಿರಮಿಡ್ ಅಲ್ಲ. ಅದನ್ನು ಕಟ್ಟಿಸಿದ ಖುಫುವಿನ ತಂದೆ ಸ್ನೆಫ್ರು ದಹ್‌ಶೂರಿನಲ್ಲಿ ಎಬ್ಬಿಸಿದ ಎರಡು ಪಿರಮಿಡ್ಡುಗಳು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಟಿಕೆಟ್ ಕೊಡುವುದನ್ನು ನಿಲ್ಲಿಸಿದ್ದರು. ಅವರು ಅವೆರಡನ್ನೂ ರಸ್ತೆಯಿಂದಲೇ ನೋಡಿ ಹಿಂದಿರುಗಬೇಕಾಯಿತು.

ತಪ್ಪು ನನ್ನದೇ, ಮತ್ತು ಅದು ನಡೆದದ್ದು ಹಿಂದಿನ ರಾತ್ರಿ, ಬಾಡಿಗೆ ಮಾತನಾಡುವಾಗ. ನಾಲ್ಕು ಜಾಗಗಳಿಗೆ ಇಷ್ಟು ಹಣ ಎಂದು ಚಾಲಕನೊಂದಿಗೆ ಒಪ್ಪಂದ ಮಾಡಿಕೊಂಡೆ. ಜಾಗಗಳ ಲೆಕ್ಕದಲ್ಲಿ ಹಣ ನಿಗದಿಯಾದರೆ ಪ್ರತಿಯೊಂದು ಜಾಗವನ್ನೂ ಬೇಗ ಮುಗಿಸುವುದರಲ್ಲೇ ಚಾಲಕನಿಗೆ ಲಾಭ, ಉಳಿಸಿದ ಹೊತ್ತನ್ನು ದಾರಿಯ ಅಂಗಡಿಗಳಲ್ಲಿ ಕಳೆದರೆ ಅವನಿಗೆ ಸಿಗುವ ಕಮಿಷನ್ ಮತ್ತೊಂದು ಲಾಭ. ಸಕ್ಕಾರಾ ರಸ್ತೆಯುದ್ದಕ್ಕೂ ರತ್ನಗಂಬಳಿ ನೇಯ್ಗೆಯ ಶಾಲೆಗಳೆಂದು ಫಲಕ ಹಾಕಿಕೊಂಡ ಮಳಿಗೆಗಳಿವೆ, ಪಪೈರಸ್ ಚಿತ್ರಗಳ ಮಳಿಗೆಗಳಿವೆ. ಅಂಥ ಎರಡು ಕಡೆ ಕುಳಿತು ಚಹಾ ಕುಡಿದೆವು. ಆತ ಮೋಸ ಮಾಡಿದನೆಂದು ನಾನು ಹೇಳುವುದಿಲ್ಲ, ಏಕೆಂದರೆ ಮಾತಿನಂತೆ ನಾಲ್ಕೂ ಜಾಗಗಳಿಗೆ ಕರೆದೊಯ್ದಿದ್ದ. ಹೊತ್ತನ್ನು ಬಿಟ್ಟು ಜಾಗಗಳನ್ನು ಕೊಂಡವನು ನಾನು. ಜೊತೆಗೆ ಗೀಜಾದಿಂದ ಆರಂಭಿಸಿ ದಕ್ಷಿಣಕ್ಕೆ ಸಾಗಿದ್ದರಿಂದ, ದಿನವಿಡೀ ಸೋರಿಹೋದ ಹೊತ್ತೆಲ್ಲ ಕೊನೆಯ ಜಾಗದ ತಲೆಯ ಮೇಲೆಯೇ ಬಿತ್ತು. ಮುಂದೆ ತಂದೆಯವರಿಗೆ ದೂರದ ಪ್ರಯಾಣ ಸಾಧ್ಯವಾಗಲಿಲ್ಲ.

ಆದ್ದರಿಂದ ಒಂದು ಗಂಟೆ ಸಾಕೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇರುವುದು ಒಂದೇ ದಿನವಾದರೆ ಗೀಜಾವನ್ನು ಬಿಡಿ. ಪಿರಮಿಡ್ ಕಟ್ಟುವುದನ್ನು ಮನುಷ್ಯರು ಹೇಗೆ ಕಲಿತರು ಎಂಬುದು ತಿಳಿಯಬೇಕಾದರೆ ಸಕ್ಕಾರಾ ಮತ್ತು ದಹ್‌ಶೂರ್‌ಗಳನ್ನೇ ನೋಡಬೇಕು, ಗೀಜಾದಲ್ಲಿ ಕಾಣುವುದು ಆ ಕಲಿಕೆಯ ಫಲ ಮಾತ್ರ. ಸಕ್ಕಾರಾದಲ್ಲಿ ಇಮ್‌ಹೋಟೆಪ್ ಎಂಬ ವಾಸ್ತುಶಿಲ್ಪಿ ದೊರೆ ಜೋಸರನಿಗಾಗಿ ಆರು ಹಂತಗಳಲ್ಲಿ ಏರಿಸಿದ, ಸುಮಾರು 62 ಮೀಟರ್ ಎತ್ತರದ ಮೆಟ್ಟಿಲು ಪಿರಮಿಡ್ ಇದೆ. ಅಲ್ಲಿಂದ ಸುಮಾರು 10 ಕಿಲೋಮೀಟರ್ ದಕ್ಷಿಣಕ್ಕೆ, ದಹ್‌ಶೂರಿನಲ್ಲಿ, ಸ್ನೆಫ್ರುವಿನ ಬಾಗಿದ ಪಿರಮಿಡ್ ಸುಮಾರು 54 ಡಿಗ್ರಿ ಕಡಿದಾಗಿ ಮೇಲೆದ್ದು, ನಡುವೆ ಹಠಾತ್ತನೆ 43 ಡಿಗ್ರಿಗೆ ತಗ್ಗುತ್ತದೆ. ತಳದ ನೆಲ ಗಟ್ಟಿಯಿಲ್ಲದೆ ಕಟ್ಟಡ ಬಿರುಕುಬಿಡತೊಡಗಿದ್ದರಿಂದ ಮೇಲಿನ ಭಾರವನ್ನು ಕಡಿಮೆ ಮಾಡಿದರು ಎಂಬುದು ಹೆಚ್ಚಿನ ವಿದ್ವಾಂಸರ ವಿವರಣೆ. ಅದರ ಉತ್ತರಕ್ಕಿರುವ ಕೆಂಪು ಪಿರಮಿಡ್ಡನ್ನು ಮೊದಲಿನಿಂದಲೇ 43 ಡಿಗ್ರಿಯ ಆಸುಪಾಸಿನಲ್ಲಿ, ಸುಮಾರು 105 ಮೀಟರ್ ಎತ್ತರಕ್ಕೆ, ನೇರ ಬದಿಗಳಲ್ಲಿ ಕಟ್ಟಿ ಮುಗಿಸಿದರು. ಮಗ ಖುಫುವಿಗೆ ದಕ್ಕಿದ್ದು ಈ ಅನುಭವ.

ಎರಡನೆಯ ಸಲ ನಾನು ಒಬ್ಬನೇ ಹೋದಾಗ ಕೈರೋದಲ್ಲಿ ತಂಗದೆ ಸಕ್ಕಾರಾದ ಹಳ್ಳಿಯ ಕಡೆಯೇ ಉಳಿದೆ. ಅಲ್ಲಿಯದೇ ಚಾಲಕನೊಬ್ಬನೊಂದಿಗೆ ಬೆಳಗಿನಿಂದ ಸಂಜೆಯವರೆಗೆ ಗಂಟೆಯ ಲೆಕ್ಕದಲ್ಲಿ ಮಾತಾಡಿಕೊಂಡು, ಅಂಗಡಿಗಳು ಬೇಡವೆಂದು ಮೊದಲೇ ಹೇಳಿದ್ದೆ. ಕಾಲುವೆಯ ಪಕ್ಕದ ರಸ್ತೆ, ಖರ್ಜೂರದ ತೋಟಗಳು, ಮೇವು ಹೊತ್ತ ಕತ್ತೆಗಳು, ಕಾಳು ರುಬ್ಬಿ ನಮ್ಮ ವಡೆಯಂತೆ ಕರಿದ ಬಿಸಿ ತಾಮಿಯಾ, ಇವೆಲ್ಲ ದಾರಿಯಲ್ಲೇ ಸಿಕ್ಕವು. ನೈಲ್ ಕಣಿವೆಯ ಹಸಿರು ಮುಗಿದಲ್ಲಿ, ಒಂದೇ ಹೆಜ್ಜೆಯಲ್ಲೋ ಎಂಬಂತೆ, ಮರಳು ಶುರುವಾಗುತ್ತದೆ. ಊರುಗಳು ಹಸಿರಿನಲ್ಲಿ, ಗೋರಿಗಳು ಮರಳಿನಲ್ಲಿ ಏಕೆ ಎಂಬುದು ಆ ಅಂಚಿನಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ: ಬೆಳೆಯುವ ನೆಲವನ್ನು ಸತ್ತವರಿಗೆ ಕೊಡುವಷ್ಟು ಅಗಲ ಆ ಕಣಿವೆಗಿಲ್ಲ, ಪ್ರವಾಹದ ನೀರೂ ಆ ಎತ್ತರಕ್ಕೆ ಏರುತ್ತಿರಲಿಲ್ಲ.

ಬೆಳಿಗ್ಗೆ 8ಕ್ಕೆ ತೆರೆಯುವಾಗಲೇ ದಹ್‌ಶೂರಿನಲ್ಲಿರಿ. ಕೆಂಪು ಪಿರಮಿಡ್ಡಿನ ಬಾಗಿಲು ನೆಲದಿಂದ ಸುಮಾರು 28 ಮೀಟರ್ ಮೇಲಿದೆ. ಅಲ್ಲಿಗೆ ಹತ್ತಿ, ಬಳಿಕ 60 ಮೀಟರಿಗೂ ಉದ್ದದ ಇಳಿಜಾರಿನ ಇಕ್ಕಟ್ಟಾದ ಸುರಂಗದಲ್ಲಿ ಬೆನ್ನು ಬಗ್ಗಿಸಿ ಇಳಿಯಬೇಕು. ಗಾಳಿ ಉಸಿರು ಕಟ್ಟಿಸುವಂತಿದ್ದು, ಅಮೋನಿಯಾದ ವಾಸನೆ ಇರುತ್ತದೆ. ಆದರೆ ಕೆಳಗಿನ ಕೋಣೆಗಳಲ್ಲಿ ಕಲ್ಲಿನ ಸಾಲುಗಳು ಒಂದರ ಮೇಲೊಂದು ಒಳಚಾಚಿಕೊಂಡು ಸುಮಾರು 12 ಮೀಟರ್ ಎತ್ತರದಲ್ಲಿ ಕೂಡುವುದನ್ನು ಕಂಡಾಗ, ಆ ಇಳಿತದ ಕಷ್ಟ ಸಾರ್ಥಕವೆನಿಸಿತು.

ನಂತರ ಸಕ್ಕಾರಾ. ಮೆಟ್ಟಿಲು ಪಿರಮಿಡ್ಡಿನ ಮುಂದೆ ಫೋಟೋ ತೆಗೆದು ಹೊರಡುವವರೇ ಹೆಚ್ಚು, ಮತ್ತು ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ದೊರೆ ತೇತಿಯ ಮಂತ್ರಿಯಾಗಿದ್ದ ಮೆರೆರುಕನ ಗೋರಿಗೆ ಹೋಗಿ. ಅದು 30ಕ್ಕೂ ಹೆಚ್ಚು ಕೋಣೆಗಳ ಮನೆಯಂತಿದೆ. ನೀರಾನೆಯ ಬೇಟೆ, ಆಭರಣ ಮಾಡುವವರು, ತೆರಿಗೆಯ ಲೆಕ್ಕ ಒಪ್ಪಿಸಲು ಎಳೆತಂದ ಹಳ್ಳಿಯ ಮುಖಂಡರು, ಎಲ್ಲವೂ ಅಲ್ಲಿನ ಗೋಡೆಗಳ ಮೇಲಿವೆ. ದೊರೆ ಊನಸನ ಪಿರಮಿಡ್ ಹೊರಗಿನಿಂದ ಕಲ್ಲಿನ ಗುಡ್ಡೆಯಂತೆ ಕಂಡರೂ, ಒಳಗೆ ಚಾವಣಿಯ ತುಂಬ ನಕ್ಷತ್ರಗಳಿವೆ, ಗೋಡೆಗಳ ತುಂಬ ಪಿರಮಿಡ್ ಪಠ್ಯಗಳ, ಅಂದರೆ ಸತ್ತ ದೊರೆಯ ಪರಲೋಕದ ಪಯಣಕ್ಕಾಗಿ ಕೆತ್ತಿದ ಮಂತ್ರಗಳ, ಅತ್ಯಂತ ಹಳೆಯ ಬರಹವಿದೆ. ಇಂಥ ಕೆಲವು ಜಾಗಗಳಿಗೆ ಪ್ರತ್ಯೇಕ ಟಿಕೆಟ್ ಬೇಕಾಗುವುದರಿಂದ ಬಾಗಿಲಲ್ಲೇ ಕೇಳಿ ಕೊಂಡುಬಿಡಿ. ಮೆಂಫಿಸಿನಲ್ಲಿ, ಅಂದರೆ ಇಂದಿನ ಮಿತ್ ರಹೀನಾದಲ್ಲಿ, ಮಲಗಿರುವ ಎರಡನೆಯ ರಾಮ್ಸೆಸನ ವಿಗ್ರಹಕ್ಕೆ ಅರ್ಧ ಗಂಟೆ ಸಾಕು.

ನಿಮ್ಮೊಂದಿಗೆ ಹಿರಿಯರಿದ್ದರೆ ಸುರಂಗಕ್ಕೆ ಇಳಿಯುವಂತೆ ಒತ್ತಾಯಿಸಬೇಡಿ. ಬಾಗಿದ ಪಿರಮಿಡ್ಡಿನ ನುಣುಪಾದ ಹೊರಗಲ್ಲುಗಳು ಬಹುಪಾಲು ಇಂದಿಗೂ ಜಾಗ ಬಿಟ್ಟು ಕದಲಿಲ್ಲ, ಗೀಜಾದಲ್ಲಿ ಅಂಥವು ಅಷ್ಟಾಗಿ ಉಳಿದಿಲ್ಲ. ಅದರ ಬುಡದ ಸುತ್ತ ನಿಧಾನವಾಗಿ ನಡೆದು ಆ ಕಲ್ಲುಗಳನ್ನು ನೋಡಲು ಅವರಿಗೆ ಒಂದೂವರೆ ಗಂಟೆಯಾದರೂ ಬೇಕು, ಬಾಡಿಗೆ ಮಾತಾಡುವಾಗಲೇ ಅದನ್ನು ಸೇರಿಸಿಕೊಳ್ಳಿ.