ಚಳಿಗಾಲದಲ್ಲಿ ಹಳೆಯ ವಿಡಿಯೋ ಗೇಮ್ ಮಷಿನ್ ಸಾಗಿಸಬಹುದಾ?

ಬೆಂಗಳೂರಿನಿಂದ ಬಳ್ಳಾರಿಗೆ ಆರ್ಕೇಡ್ ಮಷಿನ್ ತರಬೇಕು, ಡಿಸೆಂಬರ್ ಚಳಿಗೆ ಅದರ ಗಾಜಿನ ಪಿಕ್ಚರ್ ಟ್ಯೂಬ್ ಒಡೆದೀತಾ, ಫೆಬ್ರವರಿವರೆಗೆ ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ. ಇದೇ ಭಯ ಇಟ್ಟುಕೊಂಡು ಬೆಂಗಳೂರಿನಿಂದ ನಮ್ಮ ಕಡೆಗೆ ನಾನೂ ಒಂದು ಮಷಿನ್ ತಂದಿದ್ದೆ. ದಾರಿಯಲ್ಲಿ ಅದಕ್ಕೆ ಏನೂ ಆಗಲಿಲ್ಲ. ಅಂಗಡಿ ಮುಟ್ಟಿದ ಮೇಲೆ ನನ್ನ ಕೈಯಾರೆ ಸುಟ್ಟೆ.

ಕೊಪ್ಪಳದಲ್ಲಿ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಅಷ್ಟರೊಳಗೆ ಇನ್ನೊಂದು ಮಷಿನ್ ನಿಲ್ಲಿಸಬೇಕು ಅಂತ ಬೆಂಗಳೂರಲ್ಲಿ ಮುಚ್ಚುತ್ತಿದ್ದ ಅಂಗಡಿಯಿಂದ ಆಳೆತ್ತರದ್ದೊಂದು ಕೊಂಡೆ. ನೂರು ಕೆಜಿಗೂ ಮೇಲೆ ತೂಕ. ತೆರೆದ ಟೆಂಪೋದಲ್ಲಿ ನೆಟ್ಟಗೆ ನಿಲ್ಲಿಸಿ, ಎರಡು ಕೌದಿ ಸುತ್ತಿ, ಹಗ್ಗ ಬಿಗಿದು ರಾತ್ರಿ ಹೊರಟೆವು. ಚಿತ್ರದುರ್ಗ ದಾಟಿದ ಮೇಲೆ ಥಂಡಿ ಹೆಚ್ಚಾಯಿತು. ಕೂಡ್ಲಿಗಿಯಲ್ಲಿ ಚಹಾಕ್ಕೆ ಇಳಿದಾಗ ಕೌದಿಯೊಳಗೆ ಕೈ ಹಾಕಿ ನೋಡಿದೆ, ಗಾಜು ಬಾವಿ ನೀರಿನ ಹಾಗೆ ತಣ್ಣಗಿತ್ತು. ಆದರೂ ಒಂದು ಗೀರು ಬಿದ್ದಿರಲಿಲ್ಲ.

ಬೆಳಗಿನ ಏಳಕ್ಕೆ ಅಂಗಡಿಗೆ ಇಳಿಸಿದೆವು. ನಮ್ಮ ಹಿಂಗೋಡೆಗೆ ಅಂಟಿಕೊಂಡೇ ಒಂದು ಹೋಟೆಲಿನ ಅಡುಗೆಮನೆ, ಇಡ್ಲಿ ಬೇಯುವ ಹೊತ್ತು, ಕಿಟಕಿಯಿಂದ ಹಬೆ ನೇರ ಒಳಗೆ. ಬಂದ ತಕ್ಷಣ ಕೌದಿ ಬಿಚ್ಚಿದೆ. ಕೆಲಸದ ಹುಡುಗ "ಅಣ್ಣಾ, ಗಾಜು ಬೆವತೈತಿ ನೋಡ್ರಿ" ಅಂದ. "ಒರಸಲೇ" ಅಂದೆ. ಅವನು ಟವೆಲ್‌ನಿಂದ ಒರಸಿದ, ನಾನು ಸ್ವಿಚ್ ಹಾಕಿದೆ.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಲೇಬೇಕು. ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬಿನ ಮೈಮೇಲೆ ನೀರು ಕೂರುವುದನ್ನು ನೋಡಿದ್ದೀರಲ್ಲ? ಹೊರಗಿನ ಗಾಜು ಬೆವತಿದೆ ಅಂದರೆ ಒಳಗಿನ ಚಾಸಿ (ಟ್ಯೂಬ್ ನಡೆಸುವ ಭಾಗಗಳು ಕೂತಿರುವ ತಗಡಿನ ಚೌಕಟ್ಟು), ಬೋರ್ಡು, ಕಾಯಿಲ್ ಎಲ್ಲವೂ ಹಾಗೇ ಬೆವತಿವೆ. ಕಣ್ಣಿಗೆ ಕಂಡದ್ದನ್ನು ಒರಸಿದೆವು, ಕಾಣದ್ದು ಒದ್ದೆಯಾಗೇ ಉಳಿಯಿತು. ಟಿವಿ ಮೆಕ್ಯಾನಿಕ್‌ಗಳು ಇಎಚ್‌ಟಿ ಅನ್ನುತ್ತಾರಲ್ಲ, ಆ ಟ್ರಾನ್ಸ್‌ಫಾರ್ಮರ್ ಟ್ಯೂಬಿಗೆ ಸುಮಾರು 20,000 ವೋಲ್ಟ್ ಕೊಡುತ್ತದೆ. ಅಷ್ಟು ವೋಲ್ಟೇಜ್ ಇದ್ದಲ್ಲಿ ಧೂಳು ತಾನಾಗಿ ಬಂದು ಅಂಟುತ್ತದೆ. ಒಣಗಿದ್ದರೆ ಆ ಧೂಳು ಸುಮ್ಮನೆ ಕೂತಿರುತ್ತದೆ, ನೆನೆದರೆ ಅದೇ ಕರೆಂಟಿಗೆ ದಾರಿ. ಮೊದಲು ಟಿಕ್ ಟಿಕ್ ಸದ್ದು, ಕತ್ತಲಲ್ಲಿ ಎಳೆ ಎಳೆಯಾಗಿ ನೀಲಿ ಬೆಳಕು, ಆಮೇಲೆ ಸುಟ್ಟ ವಾಸನೆ. ಇಎಚ್‌ಟಿ ಹೋಯಿತು. ಆ ಮಾಡೆಲಿನದು ಸಿಗುವಷ್ಟರಲ್ಲಿ ತೇರು ಎಳೆದು ಜಾತ್ರೆಯೂ ಮುಗಿದಿತ್ತು. ಅರ್ಧ ದಿನ ಕಾಯ್ದಿದ್ದರೆ ಮಷಿನ್ ಉಳಿಯುತ್ತಿತ್ತು ಅನ್ನುವ ಸಂಕಟ ಈಗಲೂ ಇದೆ.

ಹಾಗಾಗಿ ಚಳಿಯ ಚಿಂತೆ ಬಿಡಿ. ನಮ್ಮ ಕಡೆಯ ಹದಿನಾಲ್ಕು ಹದಿನೈದು ಡಿಗ್ರಿಗೆ ಯಾವ ಟ್ಯೂಬೂ ಒಡೆಯುವುದಿಲ್ಲ. ಒಡೆಯುವುದು ಕುಲುಕಾಟಕ್ಕೆ, ಅದೂ ಟ್ಯೂಬಿನ ಹಿಂದಿನ ಸಣ್ಣ ಕತ್ತಿನಲ್ಲಿ. ಮಲಗಿಸಿ ಒಯ್ಯುತ್ತೇವೆ ಅನ್ನುವ ಗಾಡಿಯವರನ್ನು ಒಪ್ಪಲೇಬೇಡಿ. ಗೇಮ್ ಬೋರ್ಡು ಬಿಚ್ಚಿ ನಿಮ್ಮ ಮಡಿಲಲ್ಲಿ ತನ್ನಿ. ತಳದಲ್ಲಿ ಕೂತಿರುವ ಪವರ್ ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಬಿಗಿಯಾಗಿವೆಯಾ ನೋಡಿ, ಅದು ಕಿತ್ತು ಉರುಳಿದರೆ ಒಳಗೆ ಕಲ್ಲು ಉರುಳಿದ ಹಾಗೆ. ಟ್ಯೂಬಿನ ಮೇಲಿನ ಕಪ್ಪು ರಬ್ಬರ್ ಕಪ್ ಮಾತ್ರ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಕೌದಿಯ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ತನ್ನಿ. ಬಳ್ಳಾರಿ ಮುಟ್ಟಿದ ಮೇಲೆ ಅದನ್ನು ಬಿಚ್ಚದೆ ಅಡುಗೆಮನೆಯಿಂದ, ಬಚ್ಚಲಿನಿಂದ ದೂರದ ಕೋಣೆಯಲ್ಲಿ ನಿಲ್ಲಿಸಿ ಬಿಡಿ, ಒಂದು ರಾತ್ರಿ ಇರಲಿ. ತೇವ ಕೂರುವುದಿದ್ದರೆ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ. ಮರುದಿನ ಬಿಚ್ಚಿ, ಹಿಂದಿನ ಬಾಗಿಲು ತೆಗೆದು ಟಾರ್ಚ್ ಹಿಡಿದು ಚಾಸಿಯ ತಗಡು ನೋಡಿ. ಎಲ್ಲೂ ಹೊಳೆಯುವ ಹನಿ ಇಲ್ಲದಿದ್ದರೆ ಬೋರ್ಡು ಕೂರಿಸಿ ಸ್ವಿಚ್ ಹಾಕಿ.