ಆಫ್ರಿಕನ್-ಅಮೆರಿಕನ್ ನಗರ ಕಥೆಗಳಲ್ಲಿ ಅಪರಾಧ ನಡೆದರೂ ಜನ ಪೊಲೀಸರ ಬಳಿ ಹೋಗುವುದಿಲ್ಲ, ಏಕೆ?

ಪೊಲೀಸರನ್ನು ಕರೆದರೆ ಇರುವ ಕಷ್ಟಕ್ಕೆ ಇನ್ನೊಂದು ಸೇರುತ್ತದೆ ಎಂಬ ಅನುಭವವೇ ಕಾರಣ. ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯನ್ನೇ ನೋಡಿ: 1965ರ ಆಗಸ್ಟ್‌ನಲ್ಲಿ ಕಪ್ಪು ಯುವಕನೊಬ್ಬನ ವಾಹನವನ್ನು ಪೊಲೀಸರು ತಡೆದಾಗ ಹೊತ್ತಿಕೊಂಡ ದಂಗೆಯಲ್ಲಿ 34 ಜನ ಸತ್ತರು. ಬೇರೆಡೆ ಮನೆಯನ್ನೂ ಗೃಹಸಾಲವನ್ನೂ ನಿರಾಕರಿಸಿ ಕಪ್ಪು ಜನರನ್ನು ಒಂದೇ ಕಡೆ ಒತ್ತಿದ್ದರಿಂದ ಕದ್ದವನೂ ಕಳೆದುಕೊಂಡವನೂ ಅದೇ ಬೀದಿಯವರು. ನ್ಯಾಯ ತೀರ್ಮಾನ ನೆರೆಹೊರೆಯ ತಲೆಗೇ ಬೀಳುತ್ತದೆ. ಅಮೆರಿಕನ್ ಲೇಖಕ ವಾಲ್ಟರ್ ಮೋಸ್ಲಿಯ, ವಾಟ್ಸ್‌ನಲ್ಲೇ ನಡೆಯುವ 1997ರ ಕಥೆಗಳಲ್ಲಿ, ಕೊಲೆಗಾಗಿ 27 ವರ್ಷ ಜೈಲಿನಲ್ಲಿದ್ದು ಬಂದ ಸಾಕ್ರಟೀಸ್ ಫಾರ್ಟ್‌ಲೋ ಕೊಲೆಯಲ್ಲಿ ಭಾಗಿಯಾದ ಹುಡುಗನನ್ನು ಹಿಡಿದುಕೊಡುವುದಿಲ್ಲ. ಊಟ ಹಾಕಿ, ಸತ್ಯ ಹೊರಡಿಸಿ, ಅವನ ಹೊಣೆಯನ್ನು ತಾನೇ ಹೊರುತ್ತಾನೆ. ಇದನ್ನು ಆದರ್ಶವೆಂದು ಓದಬೇಡಿ: ಬೆಂಕಿ ಹಚ್ಚುವವನೊಬ್ಬನ ಸುಳಿವು ಸಿಕ್ಕಾಗ ಪೊಲೀಸರಿಗೆ ಹೇಳಬೇಕೇ ಎಂದು ಅದೇ ಸಾಕ್ರಟೀಸ್ ತೊಳಲಾಡುತ್ತಾನೆ.